ಬಿಳಿ ಹಾಸಿನ ಮೇಲೆ ನಿನ್ನಪ್ಪ

ಬೂಸಾನ್
ಏಪ್ರಿಲ್ ೧೪

ಮುದ್ದಿನ ಬೊರಮ್,

ನಿನ್ನ ಪತ್ರ ಓದಿ ತಲೆ ಚಚ್ಚಿಕೊಂಡೆ. ಮದುವೆಯ ದಿನ ನಿನ್ನನ್ನು ಕೈಹಿಡಿದು ವರನ ಬಳಿಗೆ ಕರೆತರಲು ಅಪ್ಪ ಬೇಡ, ಚಿಕ್ಕಪ್ಪ ತೆಸಿಕ್ ಬರಲಿ ಎಂದಿದ್ದೀಯ. ನಡುದಾರಿಯಲ್ಲಿ ಕಾಲು ನೆಲಕ್ಕೆ ಕಚ್ಚಿಕೊಂಡು ನಿಂತುಬಿಟ್ಟರೆ ಅಪ್ಪನಿಗೇ ಅವಮಾನವಂತೆ. ಇದು ಅಪ್ಪನ ಮೇಲಿನ ಕರುಣೆಯೋ, ಅತ್ತೆಮನೆಯವರ ಭಯವೋ? ಪತ್ರವನ್ನು ನಿನ್ನಪ್ಪನೂ ಓದಿದರು. "ತೆಸಿಕ್‌ಗೆ ಒಂದು ಒಳ್ಳೆ ಕೋಟು ಹೊಲ್ಸು" ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು.

ಅವರ ಜೊತೆ ಏಗುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸಾರಿನ ಬಟ್ಟಲು ಹಿಡಿದು ಕಂಬದ ಹಾಗೆ ನಿಂತುಬಿಡುತ್ತಾರೆ. ಅದೇ ಮನುಷ್ಯ ಗುಡ್ಡದ ಮೆಟ್ಟಿಲನ್ನು ಮೇಕೆಯಂತೆ ಹತ್ತಿ ಹೆಂಡದಂಗಡಿ ಸೇರುತ್ತಾರೆ! ಪಕ್ಕದ ಮನೆಯ ಅಜ್ಜಿ, "ಪಾತ್ರೆ ತೊಳಿ ಅಂದ್ರೆ ಕಾಲಿಲ್ಲ, ಸೋಜು ಅಂದ್ರೆ ಕಾಲು ಬಂತು ನೋಡು!" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಳು. ನಾನೂ ನಾಟಕವೆಂದೇ ತಿಳಿದಿದ್ದೆ.

ಡಾಕ್ಟರು ನನ್ನನ್ನು ಕೂರಿಸಿ, ಇದು ನಾಟಕವಲ್ಲ, ನರದ ಕಾಯಿಲೆ ಎಂದು ಬಿಡಿಸಿ ಹೇಳಿದರು. ನಮ್ಮ ಕಾಲು ತಾನಾಗಿ ನಡೆಯುತ್ತದೆ. ಇವರು ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡಬೇಕು. ನಡುವೆ ಬೇರೆ ಯೋಚನೆ ನುಗ್ಗಿದರೆ ಕಾಲು ನಿಂತಿತು. ಮೆಟ್ಟಿಲು ಕಣ್ಣಿಗೆ ಹೆಜ್ಜೆ ತೋರಿಸುತ್ತದೆ, ಬರಿ ನೆಲ ತೋರಿಸುವುದಿಲ್ಲ. ನಾವು "ನಡೀರಿ, ನಡೀರಿ" ಎಂದು ಕೂಗಿದಷ್ಟೂ ಅವರು ನೆಲಕ್ಕೆ ಅಂಟುತ್ತಾರಂತೆ. ಇಷ್ಟು ದಿನ ನಾನು ಮಾಡಿದ್ದೆಲ್ಲ ಅದೇ.

ಹಾಗಾಗಿ ಮದುವೆ ಮಂಟಪದಲ್ಲಿ ನೀವು ನಡೆದು ಬರುವ ಬಿಳಿ ಹಾಸಿನ ಮೇಲೆ, ಮೆಟ್ಟಿಲಿನಂತೆ ಕಾಣಲೆಂದು, ಅಡ್ಡಡ್ಡ ನೀಲಿ ಪಟ್ಟಿ ಹೊಲಿಯುತ್ತೇನೆ ಎಂದೆ. ಮಂಟಪದ ಮ್ಯಾನೇಜರ್, "ಅಮ್ಮಾ, ಇದೇನು ಮದುವೆನೋ, ರಸ್ತೆ ದಾಟೋ ಜಾಗನೋ?" ಅಂದ. "ನಿನ್ ಮಗಳ ಮದುವೆಗೆ ಹಾಲು ಬಿಳುಪಿಂದೇ ಹಾಸ್ಕೊ" ಅಂದೆ. ಒಪ್ಪಿದ.

ನೀನು ಮಾಡಬೇಕಾದ್ದು ಇಷ್ಟೇ: ಬಾಯಿ ಮುಚ್ಚಿಕೊಂಡು ಅಪ್ಪನ ತೋಳು ಹಿಡಿ. "ಅಪ್ಪಾ, ನಿಧಾನ" ಎಂದು ಕಿವಿಯಲ್ಲಿ ಉಸುರಬೇಡ. ಅಳಲೂ ಬೇಡ. ನೀನು ಅತ್ತರೆ ಅವರ ತಲೆಯಲ್ಲಿ ಹೆಜ್ಜೆಗೆ ಜಾಗವೆಲ್ಲಿ? ನಿಂತರೆ ನಿಲ್ಲಲಿ, ನೀನೂ ನಿಲ್ಲು. ನೆಂಟರು ಕಾಯುತ್ತಾರೆ, ಊಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಚಿಕ್ಕಪ್ಪನಿಗೆ ಕೋಟು ಹೊಲಿಸುವುದಿಲ್ಲ.

ನಿನ್ನ ಮೇಲೆ ಕೋಪವಿರುವ,
ಅಮ್ಮ

ಬರೆಯಬಾರದೆಂದಿದ್ದೆ, ಬರೆಯುತ್ತೇನೆ: ಇವತ್ತು ಅವರನ್ನು ಎಬ್ಬಿಸಿ, ನಡುಮನೆಯಲ್ಲಿ ಪಟ್ಟಿ ಅಂಟಿಸಿ, ನಿನ್ನ ಜಾಗದಲ್ಲಿ ನಾನೇ ತೋಳು ಹಿಡಿದು ನಡೆದೆ. ಅಳಿಯನ ಜಾಗದಲ್ಲಿ ಅನ್ನದ ಕುಕ್ಕರ್ ಇಟ್ಟಿದ್ದೆ. ಎಲ್ಲೂ ನಿಲ್ಲದೆ ಅದರ ಮುಂದೆ ತಲುಪಿದರು, ತಲೆಬಾಗಿ "ನನ್ ಮಗಳನ್ನ ಚೆನ್ನಾಗಿ ನೋಡ್ಕೊಳಪ್ಪಾ" ಅಂದರು. ಆಮೇಲೆ ನನ್ನ ಕೈಯನ್ನು ಅಳಿಯನಿಗೊಪ್ಪಿಸಿ ಬಿಡಬೇಕಿತ್ತು, ಬಿಡಲಿಲ್ಲ. ಕೈ ಹೀಗೆ ಕಚ್ಚಿಕೊಳ್ಳುತ್ತದೆಂದು ಡಾಕ್ಟರು ಹೇಳಿರಲಿಲ್ಲ.