ಫ್ಲಾಪಿ ಡ್ರೈವಿನೊಳಗಿನ ಅಕ್ಷತೆ

ಘಣಸೋಲಿ,
ಭಾನುವಾರ, 14 ಸೆಪ್ಟೆಂಬರ್ 2014

ಪ್ರೀತಿಯ ವಿನೋದಾ,

ಕಲ್ಯಾಣದಲ್ಲಿ ನೀನೂ ನಿನ್ನ ಯಜಮಾನರೂ ಮಗಳು ನಿಕಿತಾಳೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಎಲ್ಲಿಂದ ಹತ್ತಿತು ಎಂದು ನಗುತ್ತೀಯೇನೋ. ಈ ವಾರ ಎರಡು ಸಲ ಫೋನ್ ಮಾಡಿದ್ದೆನಲ್ಲ, ಎರಡು ಸಲವೂ ಲೋಕಲ್ ರೈಲಿನ ರಶ್ಶು, ಗಣಪತಿಗೆ ಬಂದ ನೆಂಟರು ಎಂದು ಏನೇನೋ ಮಾತಾಡಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ಹಾಗೇ ಉಳಿಯಿತು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವುದಿಲ್ಲ.

ಮೊದಲು ನನ್ನ ಜಂಬದ ಸುದ್ದಿ. ನನ್ನಲ್ಲಿರುವ ಹಳೆಯ ಕಂಪ್ಯೂಟರುಗಳು ಈಗ ಇಪ್ಪತ್ತಮೂರು. ಅದರಲ್ಲಿ ಹದಿನೇಳು ಸ್ವಿಚ್ ಒತ್ತಿದ ಕೂಡಲೇ ಏಳುತ್ತವೆ, ಉಳಿದವಕ್ಕೆ ಸ್ವಲ್ಪ ಪುಸಲಾಯಿಸಬೇಕು. 2005ರಲ್ಲಿ ರಬಾಳೆಯ ನಮ್ಮ ಆಫೀಸಿನವರು ಹಳೆಯ ಮಷಿನುಗಳನ್ನು ಗುಜರಿಯ ಭಂಗಾರಿಗೆ ಹಾಕುವಾಗ ಒಂದನ್ನು ಕೇಳಿ ಮನೆಗೆ ತಂದಿದ್ದೆ. ಅಲ್ಲಿಂದ ಶುರು. ಈಗ ನಮ್ಮ ಬೆಡ್‌ರೂಮು ಅವುಗಳಿಗೆ, ಹಾಲ್ ನಮಗೆ. ಮೊದಮೊದಲು ನಮ್ಮ ಯಜಮಾನರು ಕುಶಲರು, ಇದೆಂತದು ಮಾರಾಯ್ತಿ, ಮನೆಯಾ ಭಂಗಾರದ ಅಂಗಡಿಯಾ ಎಂದು ರೇಗುತ್ತಿದ್ದರು. ಈಗ ಬಂದವರನ್ನೆಲ್ಲ ಕೂರಿಸಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರುಚಾಟ ಕೇಳಿಸಿ, ತಾವೇ ರಿಪೇರಿ ಮಾಡಿದವರ ಹಾಗೆ ಬೀಗುತ್ತಾರೆ.

ಒಮ್ಮೆ ಠಾಣೆ ಪೇಟೆಯಿಂದ ಹಸಿರು ಅಕ್ಷರದ ಮಾನಿಟರ್ ಒಂದನ್ನು ರೈಲಿನ ಲೇಡೀಸ್ ಡಬ್ಬದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಪಕ್ಕದ ಹೆಂಗಸು, ಕಾಯ್ ತಾಯೀ, ಹಾ ಟೀವೀ ಚಾಲತೋ ಕಾ ಎಂದು ಕೇಳಿದಳು. ಚಾಲತೋ, ನಿನ್ನ ಮನೆಯ ಟೀವಿಗಿಂತ ಚೆನ್ನಾಗಿ ನಡೆಯುತ್ತದೆ ಎಂದೆ. ಕಳೆದ ತಿಂಗಳು ಐರೋಲಿಯ ಕಾಲೇಜೊಂದರಿಂದ ನಲವತ್ತು ವಿದ್ಯಾರ್ಥಿಗಳು ನೋಡಲು ಬಂದಿದ್ದರು. ಎಲ್ಲರ ಚಪ್ಪಲಿ ಬಾಗಿಲ ಹೊರಗೇ ಬಿಡಿಸಿದೆ. ಒಬ್ಬಳು, ಆಂಟಿ, ಯೇ ಮಂದಿರ್ ಹೈ ಕ್ಯಾ ಎಂದಳು. ನಮ್ಮ ಶಾಲೆಯಲ್ಲಿ ಹೀಗೇ ಇತ್ತು ಎಂದು ಹೇಳಿದೆ.

ನಿನಗೆ ಮರೆತಿರಲಾರದು. 1987, ಡೊಂಬಿವಲಿಯ ನಮ್ಮ ಕನ್ನಡ ಶಾಲೆ, ಒಂಬತ್ತನೆಯ ಕ್ಲಾಸು. ಇಡೀ ಶಾಲೆಗೆ ಬಿಬಿಸಿ ಮಾದರಿಯ ಒಂದೇ ಕಂಪ್ಯೂಟರು, ಅದರ ಪಕ್ಕ ಬೇರೆಯಾಗಿ ಒಂದು ಫ್ಲಾಪಿ ಡ್ರೈವು, ಅದಕ್ಕೆಲ್ಲ ಹೂವಿನ ಚೀಟಿ ಬಟ್ಟೆಯ ಹೊದಿಕೆ, ಬಾಗಿಲಲ್ಲಿ ಕಾವಲಿಗೆ ವಿಷ್ಣುಮೂರ್ತಿ ಮಾಸ್ತರರು. ನೀನು ಬರೆದ ಪ್ರೋಗ್ರಾಮು ಮೊದಲ ಸಲಕ್ಕೇ ಓಡುತ್ತಿತ್ತು. ನನ್ನದು ಹತ್ತು ಸಲ ತಿದ್ದಿದರೂ ತಪ್ಪು ತೋರಿಸುತ್ತಿತ್ತು. ಆಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಅದನ್ನು ಬರೆಯಲು ನಾಚಿಕೆಯೇನಿಲ್ಲ.

ಆ ವರ್ಷದ ಆಯುಧಪೂಜೆಗೆ ಮಾಸ್ತರರು ಕಂಪ್ಯೂಟರಿಗೂ ಗಂಧ ಹಚ್ಚಿ ಹಾರ ಹಾಕಿಸಿದರು. ನೀರು ತರಬೇಡಿ, ಕಾಯಿ ಹೊರಗೆ ಒಡೆಯಿರಿ, ಅಕ್ಷತೆ ಎದುರಿಗೆ ಹಾಕಿ, ಮೇಲೆ ಬೇಡ ಎಂದು ಮೂರು ಸಲ ಹೇಳಿದ್ದರು. ನಿನ್ನಮ್ಮ ಕುಂಕುಮ ಕಲಸಿದ ಕೆಂಪು ಅಕ್ಷತೆಯನ್ನು ಸ್ಟೀಲ್ ಡಬ್ಬಿಯಲ್ಲಿ ಕಳಿಸಿದ್ದರು. ನನ್ನಮ್ಮ ಅರಸಿನದ್ದನ್ನು ಪೇಪರಿನಲ್ಲಿ ಕಟ್ಟಿಕೊಟ್ಟಿದ್ದಳು. ಜಾಣೆಯೆಂದು ನಿನಗೇ ಮೊದಲ ಸರದಿ. ಭಕ್ತಿ ಉಕ್ಕಿ ನೀನು ಒಂದು ಮುಷ್ಟಿ ಎಸೆದೆ, ಅರ್ಧ ಕೀಬೋರ್ಡಿನ ಮೇಲೆ ಬಿತ್ತು. ಎಲ್ಲರೂ ನಕ್ಕರು.

ದಸರಾ ರಜೆ ಮುಗಿಸಿ ಬಂದಾಗ ಫ್ಲಾಪಿ ಡ್ರೈವು ಕರಕರ ಎಂದಿತು. ಶಾಲೆಗಿದ್ದ ಒಂದೇ ಫ್ಲಾಪಿಯನ್ನು ಗೀಚಿ ನಿಂತುಬಿಟ್ಟಿತು. ಬಿಚ್ಚಿ ನೋಡುವವರು ಊರಲ್ಲೇ ಇರಲಿಲ್ಲ. ಕೀಲಿಗಳ ಸಂದಿಯಲ್ಲಿ ಕೆಂಪು ಕಾಳು ಕಂಡವು, ಅಷ್ಟೇ ಸಾಕಾಯಿತು. ಮಾಸ್ತರರು ನಿನ್ನನ್ನು ಕಂಪ್ಯೂಟರ್ ಕ್ಲಾಸಿನಿಂದ ತೆಗೆದರು, ನಿಮ್ಮಪ್ಪ ಹೊಲಿಗೆ ಕ್ಲಾಸಿಗೆ ಹಾಕಿದರು. ಡ್ರೈವನ್ನು ಮೂಲೆಗೆ ಸರಿಸಿ ಕ್ಯಾಸೆಟ್ಟಿನಿಂದಲೇ ಪಾಠ ಮುಂದುವರಿಯಿತು. ಮುಂದಿನ ಬೆಂಚಿನ ನಿನ್ನ ಜಾಗ ನನಗೆ ಸಿಕ್ಕಿತು. ಅಲ್ಲಿ ಕಲಿತದ್ದರಿಂದಲೇ ನನಗೆ ಕೆಲಸ, ಈ ಫ್ಲಾಟು, ಈ ಜಂಬ. ನೀನು ಅಳುತ್ತಾ ಹೋದ ದಿನ ನಾನು ಏನೂ ಮಾತಾಡಲಿಲ್ಲ.

ಮೂರು ವರ್ಷದ ಹಿಂದೆ ನನ್ನ ತಮ್ಮನ ಮದುವೆಯಲ್ಲಿ ಊಟಕ್ಕೆ ಕೂತಾಗ ನಿನ್ನ ನಿಕಿತಾ, ಆಂಟಿ, ಮಮ್ಮಿ ತೋ ಮೌಸ್ ಭೀ ನಹೀ ಛೂತೀ ಎಂದಳು. ಮೌಸ್ ಮುಟ್ಟುವುದಿರಲಿ, ಲ್ಯಾಪ್‌ಟಾಪಿನ ಧೂಳು ಕೂಡ ನೀನು ಒರೆಸುವುದಿಲ್ಲವಂತೆ. ಹೌದು ಮಾರಾಯ್ತಿ, ನನ್ನ ಕೈಗುಣವೇ ಸರಿ ಇಲ್ಲ, ನಾನು ಮುಟ್ಟಿದ್ರೆ ಮಷಿನ್ ಹಾಳಾಗ್ತದೆ ಎಂದು ನೀನೂ ನಕ್ಕೆ. ನಾನು ಎಲೆಯಲ್ಲಿದ್ದ ಹೋಳಿಗೆ ಬಿಟ್ಟು ಕೈತೊಳೆಯಲು ಎದ್ದೆ. ಆವತ್ತಿನಿಂದ ಬೇರೆಲ್ಲ ಬಿಟ್ಟು ನಮ್ಮ ಶಾಲೆಯ ಆ ಒಂದು ಮಷಿನನ್ನೇ ಹುಡುಕಿದೆ.

ಸಿಕ್ಕಿತು, ವಿನೋದಾ. ರಬಾಳೆಯಲ್ಲಿ ಮಾಪಣ್ಣ ಎಂಬ ಭಂಗಾರದ ವ್ಯಾಪಾರಿ ಇದ್ದಾನೆ, ಕಲಬುರಗಿ ಕಡೆಯವನು. ಜುಲೈಯಲ್ಲಿ ಅವನ ಫೋನ್ ಬಂತು. ಅಕ್ಕಾರ, ಯಾವುದೋ ಸಾಲಿ ಗೋಡೌನಿನ ಮಾಲ್ ಬಂದೈತ್ರಿ, ಒಂದು ಡಬ್ಬಿ ಮ್ಯಾಲ ಬಿಳಿ ಬಣ್ಣದಾಗ ಕನ್ನಡ ಬರದಾರ ನೋಡ್ರಿ ಎಂದ. ಕುಡಿಯುತ್ತಿದ್ದ ಚಹಾ ಬಿಟ್ಟು ಓಡಿದೆ. ಮಾಸ್ತರರ ದುಂಡನೆಯ ಅಕ್ಷರದಲ್ಲಿ ನಮ್ಮ ಶಾಲೆಯ ಹೆಸರು. ಮಗ್ಗುಲಲ್ಲಿ ಗಂಧದ ಬೊಟ್ಟಿನ ಕಲೆ. ಜೊತೆಗೆ ಸೆಣಬಿನ ಹಗ್ಗದಲ್ಲಿ ಬಿಗಿದಿದ್ದ ಅದೇ ಡ್ರೈವು.

ಮನೆಗೆ ತಂದು ಬಿಚ್ಚಿದಾಗ ಡ್ರೈವಿನ ಒಳಗಿನಿಂದ ಐದು ಅಕ್ಕಿಕಾಳು ಬಿದ್ದವು. ಅವನ್ನು ಪುಟ್ಟ ಭರಣಿಯಲ್ಲಿ ಎತ್ತಿಟ್ಟಿದ್ದೇನೆ. ಹೆಡ್ ಒರೆಸಿ, ಬೆಲ್ಟ್ ಬದಲಿಸಿ, ಆರು ಭಾನುವಾರ ಅದರ ಎದುರು ಕೂತೆ. ಏಳನೆಯ ಭಾನುವಾರ ಡ್ರೈವು ತಿರುಗಿತು. ನಾನೊಬ್ಬಳೇ ಚಪ್ಪಾಳೆ ತಟ್ಟಿಕೊಂಡೆ. ಈ ಸುತ್ತಮುತ್ತ ಅದನ್ನು ನನ್ನ ಹಾಗೆ ಎಬ್ಬಿಸುವವರು ಇನ್ನೊಬ್ಬರು ಇದ್ದರೆ ತೋರಿಸು ನೋಡೋಣ. ಒಬ್ಬಳಿದ್ದಾಳೆ, ಆದರೆ ಅವಳು ಮೌಸನ್ನೂ ಮುಟ್ಟುವುದಿಲ್ಲವಂತೆ.

ಈಗ ಅದಕ್ಕೆ ಹೂವಿನ ಬಟ್ಟೆಯ ಹೊದಿಕೆ ಹಾಕಿ ಇಟ್ಟಿದ್ದೇನೆ, ಯಾರಿಗೂ ತೋರಿಸಿಲ್ಲ. ಬರುವ ಆಯುಧಪೂಜೆಗೆ ನೀನು ಬರಬೇಕು, ಮೊದಲ ಕೀಲಿ ನೀನೇ ಒತ್ತಬೇಕು. ಠಾಣೆಯಲ್ಲಿ ಇಳಿದು ವಾಶಿ ಲೋಕಲ್ ಹಿಡಿ, ಘಣಸೋಲಿ ಸ್ಟೇಷನ್ನಿಗೆ ಕುಶಲರು ಬರುತ್ತಾರೆ. ನೀನು ಬಾರದಿದ್ದರೆ ನಾನು ಆ ಹೊದಿಕೆ ತೆಗೆಯುವುದಿಲ್ಲ, ಇಪ್ಪತ್ತಮೂರು ಮಷಿನು ಕೂಡಿಸಿಯೂ ನನ್ನ ಕೋಣೆ ಖಾಲಿಯೇ.

ನಿನ್ನ ದಾರಿ ಕಾಯುವ,
ನಳಿನಾಕ್ಷಿ

ತಾ.ಕ.: ಆ ಐದು ಕಾಳಿನ ಬಣ್ಣ ಬರೆಯದೆಯೇ ಸಹಿ ಹಾಕಿದೆ. ಹಳದಿ. ಐದೂ ಹಳದಿ. ಡ್ರೈವು ಬಿಚ್ಚಿದ ಮೇಲೆ ನನಗೆ ತಿಳಿದದ್ದಲ್ಲ, ಆವತ್ತೇ ಗೊತ್ತಿತ್ತು. ಎಲ್ಲರೂ ನಿನ್ನನ್ನು ನೋಡಿ ನಗುತ್ತಿದ್ದಾಗ ನನ್ನ ಸರದಿ ಬಂತು. ಡ್ರೈವಿನ ಬಾಯಿ ತೆರೆದಿತ್ತು, ಒಂದು ಚಿಟಿಕೆ ಒಳಗೇ ಹಾಕಿದೆ. ಕೆಡಲಿ ಎಂದಲ್ಲ, ವಿನೋದಳಿಗಿಂತ ಹೆಚ್ಚು ನನಗೇ ಒಲಿಯಲಿ ಎಂದು ಬೇಡಿಕೊಂಡು. ನನಗೇ ಒಲಿಯಿತು. ನಿನ್ನ ಕೈಗುಣ ಯಾವತ್ತೂ ಕೆಟ್ಟಿರಲಿಲ್ಲ. ನಿಕಿತಾಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಈ ಸಾಲುಗಳನ್ನು ನೀನೇ ಅವಳಿಗೆ ಓದಿ ಹೇಳು.