ಅಪ್ಪನ ಪುಡಿಯ ಗೆರೆಗಳು

ಧಾರವಾಡ
೧೮ ನವೆಂಬರ್ ೨೦೨೪

ಪ್ರೀತಿಯ ಗುರುಸಿದ್ದಣ್ಣನಿಗೆ,

ತಂಗಿ ರಾಜಶ್ರೀಯ ಶರಣು. ನಾನು ಆರಾಮ. ಸಾವಳಗಿಯಲ್ಲಿ ನೀನು, ಕಸ್ತೂರೆವ್ವ ವೈನಿ, ಬಸುರಿ ಮಗಳು ದಾನೇಶ್ವರಿ ಎಲ್ಲ ಆರಾಮಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾದುದಕ್ಕೆ ಸಿಟ್ಟಾಗಬೇಡ. ಮೊನ್ನೆ ಫೋನಿನಲ್ಲಿ "ನಾ ಬರದು ತಿಳಸೂತನಕಾ ಯಾರಿಗೂ ಪುಡಿ ಕೊಡಬ್ಯಾಡ" ಎಂದಷ್ಟೇ ಹೇಳಿದೆ. ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಈ ಕಾಗದ.

ಅಪ್ಪ ಹೋದಮೇಲೆ ನೀನೇ ಅವನ ಪದ್ಧತಿಯಂತೆ ಸುಟ್ಟು ತೆಗೆದ ಔಷಧದ ಪುಡಿಯನ್ನು ಕಳಿಸುವಾಗ ಎಷ್ಟು ಹಿಗ್ಗಿದ್ದೆ! "ನಿಮ್ಮ ದೊಡ್ಡ ಮಷೀನಿನ್ಯಾಗ ಹಾಕಿ ಸರ್ಟಿಫಿಕೇಟ್ ಕೊಡು ತಂಗಿ. ಕಟ್ಟು ಹಾಕಿಸಿ ಅಪ್ಪನ ಫೋಟೋದ ಬಾಜೂಕ ತೂಗಹಾಕ್ತೇನಿ" ಎಂದಿದ್ದೆ.

ನಮ್ಮ ವಿಶ್ವವಿದ್ಯಾಲಯದ ಎಕ್ಸ್-ರೇ ಲ್ಯಾಬ್ ನೋಡಿ "ಇದರಾಗ ಮುರದ ಕೈ ಕಾಣಸ್ತೈತೇನು?" ಎಂದು ಕೇಳಿದವನು ನೀನು. ಕಾಣಿಸದು, ಮಾರಾಯಾ. ಇದು ಹರಳಿನ ಒಳಗನ್ನು ನೋಡುವ ಯಂತ್ರ. ಒಂಟಿ ಹರಳಾದರೆ ಒಂದು ಯಂತ್ರ, ಕೊರೆಯುವ ಸಾರಜನಕದ ಗಾಳಿಯಲ್ಲಿ ಅದನ್ನು ತಣ್ಣಗಿಡಬೇಕು. ಪುಡಿಯಾದರೆ ಇನ್ನೊಂದು. ಪುಡಿಯನ್ನು ನುಣ್ಣಗೆ ಅರೆದು, ಬಿಲ್ಲೆಯಲ್ಲಿ ತುಂಬಿ, ಬಾಗಿಲು ಮುಚ್ಚಿದರೆ ಪರದೆಯ ಮೇಲೆ ಒಂದೊಂದೇ ಗೆರೆ ಏಳುತ್ತದೆ. ಪ್ರತಿ ವಸ್ತುವಿಗೂ ಅದರದೇ ಗೆರೆಗಳು. ಊರೂರಿನ ಕಾಲೇಜುಗಳಿಂದ ಬರುವ ಪುಡಿಗಳನ್ನೆಲ್ಲ ನಾನೇ ಹಾಕಿ ನೋಡುತ್ತೇನೆ. ಅಲ್ಲಿ ಗುರುತು ಪರಿಚಯ ನಡೆಯುವುದಿಲ್ಲ.

ಅಪ್ಪನ ಪುಡಿಯಲ್ಲಿ ಸುಣ್ಣದ ಗೆರೆಗಳಿವೆ. ಸೀಸದ್ದೂ ಇವೆ, ಎತ್ತರಕ್ಕೆ; ಎಂದರೆ ಬಹಳವೇ ಇದೆ. ನನ್ನದೇ ಕೈತಪ್ಪು ಇರಬೇಕೆಂದು ಬಿಲ್ಲೆ ಬದಲಿಸಿ ಮತ್ತೆ ಹಾಕಿದೆ. ಬದಲಾಗಲಿಲ್ಲ. ನಮ್ಮ ಪ್ರೊಫೆಸರ್ ವರದಾ ಮೇಡಂ ಹಣಿಕಿ ನೋಡಿ, "ಇದನ್ನ ಯಾರರೆ ತಿಂತಾರೇನ್ರೀ?" ಎಂದರು.

ಸೀಸ ಮೈಯಲ್ಲಿ ಉಳಿದುಬಿಡುತ್ತದೆ, ಅಣ್ಣಾ. ಬಸುರಿಯಿಂದ ಕೂಸಿಗೂ ಇಳಿಯುತ್ತದೆ. ಪುಡಿ ಕೊಡಬೇಡ ಎಂದಷ್ಟಕ್ಕೇ ಫೋನಿನಲ್ಲಿ ನೀನು "ಅಪ್ಪನ ಕೈಗುಣ ಮಷೀನಿಗೇನ್ ತಿಳೀತೈತಿ? ಹೊಳೆವ್ವ ಇದನ್ನ ತಿಂದ ಎದ್ದ ಅಡ್ಡಾಡಾಕತ್ತಾಳ" ಎಂದೆ. ಹಾಸಿಗೆ ಹಿಡಿದಿದ್ದ ನೆರೆಮನೆಯ ಹೊಳೆವ್ವ ಎದ್ದದ್ದು ಸಂತೋಷ. ಆಕೆಗೂ ಪುಡಿ ಒಯ್ದ ಉಳಿದವರಿಗೂ ಜಮಖಂಡಿಯಲ್ಲಿ ರಕ್ತ ತಪಾಸಣೆ ಮಾಡಿಸು. ನಿನ್ನ ಮರ್ಯಾದೆ ಹೋಗುತ್ತದೆಂದು ಬಲ್ಲೆ. ಹೋಗಲಿ.

ನಮ್ಮ ಮನೆತನದ ಪದ್ಧತಿ ನನಗೇನು ಹೊಸದಲ್ಲ. ಸಗಣಿ ಕುಳ್ಳಿನ ಉರಿಯಲ್ಲಿ ಸುಟ್ಟು ತೆಗೆದ ಹೊಸ ಪುಡಿಯ ಮೊದಲ ಪೊಟ್ಟಣ ಮನೆಯ ಬಸುರಿಗೆ. ಏಳನೆಯ ತಿಂಗಳ ಕುಬಸದ ದಿನ ಸೋದರತ್ತೆ ಅದನ್ನು ಜೇನಿನಲ್ಲಿ ಕಲಸಿ ನೆಕ್ಕಿಸಬೇಕು. ದಾನೇಶ್ವರಿಗೆ ಸೋದರತ್ತೆ ಎಂದರೆ ನಾನೊಬ್ಬಳೇ. ಬರುತ್ತೇನೆ, ಹಸಿರು ಬಳೆ ತೊಡಿಸುತ್ತೇನೆ. ಆ ಪುಡಿ ಮಾತ್ರ ನನ್ನ ಕೈಯಿಂದ ಆಗದು. ಸರ್ಟಿಫಿಕೇಟೂ ಇಲ್ಲ. ಭಟ್ಟಿ ಆರಿಸಿಬಿಡು.

ವೈನಿಗೆ ನಮಸ್ಕಾರ. ದಾನೇಶ್ವರಿಯ ಮಡಿಲು ತಣ್ಣಗಿರಲಿ.

ನಿನ್ನ ತಂಗಿ,
ರಾಜಶ್ರೀ

ತಾ.ಕ.: ನನ್ನ ಕುಬಸಕ್ಕೆ ಅಪ್ಪ ತುಂಬಿ ಕೊಟ್ಟ ಸ್ಟೀಲ್ ಡಬ್ಬಿ ನಿನಗೆ ನೆನಪಿದೆಯೇ? ಕೂಸು ಹೊಟ್ಟೆಯಲ್ಲೇ ಹೋದಾಗ ಅಪ್ಪ ನನ್ನ ತಲೆ ನೇವರಿಸಿ, "ಶಿವನ ಇಚ್ಛಾ ಯವ್ವಾ, ಮೈಗೆ ಶಕ್ತಿ ಬರಲಿ" ಎಂದು ಅದೇ ಡಬ್ಬಿಯನ್ನು ಮತ್ತೆ ತುಂಬಿದ್ದ. ಬಿಸಾಡಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಹೋದ ವಾರ ಅದರ ತಳ ಕೆರೆದು ಯಂತ್ರಕ್ಕೆ ಹಾಕಿದೆ. ಅವೇ ಗೆರೆಗಳು. ಕೂಸು ಅದರಿಂದಲೇ ಹೋಯಿತೆಂದು ಯಂತ್ರ ಹೇಳುವುದಿಲ್ಲ, ನಾನೂ ಹೇಳಲಾರೆ. ಅಪ್ಪ ಪ್ರೀತಿಯಿಂದ ಕೊಟ್ಟ, ನಾನು ಪ್ರೀತಿಯಿಂದ ನೆಕ್ಕಿದೆ. ಅದನ್ನು ನೆನೆದರೆ ಅತ್ತು ಮುಗಿಯುವುದಿಲ್ಲ. ಡಬ್ಬಿಯನ್ನು ತಿಕ್ಕಿ ತಿಕ್ಕಿ ತೊಳೆದೆ, ಆದರೂ ಆಚೆ ಇಟ್ಟೆ. ದಾನೇಶ್ವರಿಗೆ ಹೊಸ ಬಟ್ಟಲು ತೆಗೆದಿದ್ದೇನೆ. ಅದರಲ್ಲಿ ಬರಿಯ ಜೇನು ತರುತ್ತೇನೆ.