ಕೇಕ್ ತರಿಸಿದ ಕೆಸರು

ಅಕ್ಕಾ,

ಹಲ್ಲುನೋವೊಂದನ್ನು ಬಿಟ್ಟರೆ ನಾನು ಕ್ಷೇಮ. ಇಲ್ಲಿ ಕಚೇರಿಯ ಕಿಟಕಿಯಾಚೆಗೇ ಸಮುದ್ರ. ಆದರೆ ಕಂಪ್ಯೂಟರ್ ಮೇಲೆ ಬಿಸಿಲು ಬೀಳುತ್ತದೆಂದು ಕಿಟಕಿಗೆ ರಟ್ಟು ಅಂಟಿಸಿದ್ದಾರೆ. ನೀರಿನ ಬಣ್ಣವನ್ನು ಉಪಗ್ರಹ ಮೇಲಿನಿಂದ ನೋಡಿ ಹೇಳುತ್ತದೆ. ಹಸಿರು ಕಂಡರೆ ಕ್ಲೋರೊಫಿಲ್, ಅಂದರೆ ಪಾಚಿ. ಪಾಚಿಯಿದ್ದಲ್ಲಿ ಮೀನು ಎಂದು ಲೆಕ್ಕ. ಮೊನ್ನೆ ನದಿ ಸಮುದ್ರ ಸೇರುವ ಜಾಗ ನಕ್ಷೆಯಲ್ಲಿ ಹಚ್ಚಹಸಿರಾಯಿತು. ಸಾಹೇಬರು ಕೇಕ್ ತರಿಸಿದರು. ನಾನು ದೋಣಿಯಲ್ಲಿ ಹೋಗಿ ಅಲ್ಲಿಯ ನೀರು ತಂದು ಸೋಸಿದರೆ ಉಳಿದದ್ದು ಬರೀ ಕೆಸರು. ನದಿ ತಂದ ಕೆಸರನ್ನೇ ಉಪಗ್ರಹ ಪಾಚಿಯೆಂದು ಎಣಿಸಿತ್ತು. ಪರದೆಯಲ್ಲಿ ಪಚ್ಚೆ, ಬಾಟಲಿಯಲ್ಲಿ ಕೊಚ್ಚೆ!

“ಉಪಗ್ರಹ ಸುಳ್ಳು ಹೇಳುತ್ತೇನ್ರೀ? ನೀವು ತಂದ ನೀರೇ ಸರಿಯಿಲ್ಲ, ಬೇರೆ ತನ್ನಿ,” ಅಂದರು ಸಾಹೇಬರು.

“ಸಮುದ್ರದಲ್ಲಿ ಇರೋದೇ ಅದು ಸಾರ್.”

“ಹಾಗಾದ್ರೆ ಬಾಟಲಿ ಮರೆತುಬಿಡಿ. ಅಲ್ಲಿ ಮೀನಿದೆ ಅನ್ನೋ ವರದಿಗೆ ಸಹಿ ಹಾಕಿ, ನಿಮ್ಮ ಕೆಲಸ ಇನ್ನೆರಡು ವರ್ಷ ಮುಂದುವರಿಸ್ತೀನಿ.”

ಆ ಸಹಿ ನಂಬಿ ಮೀನುಗಾರರು ಡೀಸೆಲ್ ಸುಟ್ಟುಕೊಂಡು ಹೋಗಿ ಕೆಸರಿಗೆ ಬಲೆ ಬೀಸಬೇಕು. ನಾನು ಹಾಕಲಿಲ್ಲ. ತಿಂಗಳ ಕೊನೆಗೆ ಬರುತ್ತೇನೆ. ಮಹಡಿಯ ಕೋಣೆಗೆ ಬಾಡಿಗೆಯವರನ್ನು ಹುಡುಕಬೇಡಿ ಎಂದು ಭಾವನವರಿಗೆ ಈಗಲೇ ಹೇಳು. ನಾನು ಬಾಡಿಗೆ ಕೊಡುವುದಿಲ್ಲ ಎನ್ನುವುದನ್ನು ಅವರ ಊಟವಾದ ಮೇಲೆ ಹೇಳು.

ನಿನ್ನ ತಮ್ಮ